ಕಂಪೆನಿಯ ಬಿಲ್ಲಿಗೆ ವಿಮೆಯಿದೆ, ಕಾರ್ಮಿಕನ ಸಂಬಳಕ್ಕೆ?

ಭಾರತದ ನಿರ್ಮಾಣ ಕಂಪೆನಿಗಳು ಹೊರದೇಶಗಳಲ್ಲಿ ಸೇತುವೆ, ಅಣೆಕಟ್ಟು, ಕ್ರೀಡಾಂಗಣಗಳನ್ನು ಕಟ್ಟುತ್ತಿರುವುದನ್ನು ನಮ್ಮ ಆಳುವವರು ರಾಷ್ಟ್ರದ ಹೆಮ್ಮೆಯೆಂದು ಸಾರುತ್ತಾರೆ. ಹೆಮ್ಮೆಪಡಲು ಯಾರ ಅಡ್ಡಿಯೂ ಇಲ್ಲ. ಆದರೆ ಆ ಹೆಮ್ಮೆಯ ಹಿಂದೆ ಯಾರ ಹಣವಿದೆ, ಯಾರ ಬೆವರಿದೆ, ಇವೆರಡರಲ್ಲಿ ಯಾವುದಕ್ಕೆ ಸರಕಾರದ ರಕ್ಷಣೆಯಿದೆ ಎಂದು ಕೇಳಲೇಬೇಕಾಗಿದೆ.

ಕಂಪೆನಿಗಳಿಗೆ ದೊರೆಯುವ ರಕ್ಷಣೆ ಸಣ್ಣದಲ್ಲ. 1982ರಲ್ಲಿ ಆರಂಭವಾದ ಎಕ್ಸಿಮ್ ಬ್ಯಾಂಕ್ ಸರಕಾರದ ಪರವಾಗಿ ವಿದೇಶಗಳಿಗೆ ಸಾಲ ನೀಡುತ್ತದೆ. ಆ ಸಾಲದ ಕಾಮಗಾರಿ ಭಾರತೀಯ ಕಂಪೆನಿಗಳಿಗೇ ಸಲ್ಲುತ್ತದೆ. ಸಾಮಾನ್ಯವಾಗಿ ಸರಕು ಮತ್ತು ಸೇವೆಗಳಲ್ಲಿ ಶೇ. 75 ಭಾಗ ಭಾರತದಿಂದಲೇ ಹೋಗಬೇಕು. ಮಾಲ್ದೀವ್ಸ್‌ನ ಮಾಲೆ ಸೇತುವೆ ಯೋಜನೆಗೆ ಭಾರತ 40 ಕೋಟಿ ಡಾಲರ್ ಸಾಲವನ್ನೂ 10 ಕೋಟಿ ಡಾಲರ್ ಅನುದಾನವನ್ನೂ ಘೋಷಿಸಿತು. 2021ರಲ್ಲಿ ಅದರ ಗುತ್ತಿಗೆ ಆಫ್ಕಾನ್ಸ್ ಕಂಪೆನಿಗೆ ದೊರೆಯಿತು. ಹೊರದೇಶದವನು ಹಣ ಕೊಡದೆ ಕೈ ಎತ್ತಿದರೆ ಪರಿಹಾರ ಕೊಡಲು ಕೇಂದ್ರ ಸರಕಾರದ ರಫ್ತು ಸಾಲ ಖಾತರಿ ನಿಗಮವಿದೆ.

ಇನ್ನು ನಮ್ಮ ಊರುಗಳತ್ತ ಬನ್ನಿ. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕಿನ ಹೊಲವಾಗಲಿ, ಕೆ.ಆರ್. ನಗರದ ಭತ್ತದ ಗದ್ದೆಯಾಗಲಿ ವರ್ಷವಿಡೀ ಕೂಲಿ ಕೊಡುವುದಿಲ್ಲ. ಎಚ್.ಡಿ. ಕೋಟೆಯ ಯುವಕನಿಗೆ ಕೊಡಗಿನ ತೋಟ ಅಥವಾ ಬೆಂಗಳೂರಿನ ಕಟ್ಟಡವೇ ಗತಿ. ಗಾರೆ, ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸ ಬಲ್ಲವನಿಗೆ ಮುಂದಿನ ಕನಸು ಗಲ್ಫ್. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ತೆರಿಗೆ ಬಿಟ್ಟು 30,000 ರೂ. ಮಾತ್ರ. ಈ ಮಿತಿಯನ್ನು ತಿಳಿಯದ ಬಡವ ಕೇಳಿದಷ್ಟು ತೆರುತ್ತಾನೆ. ತಾಯಿಯ ಒಡವೆ ಅಡವಿಗೆ ಹೋಗುತ್ತದೆ.

ಅವನಿಗೂ ವಿಮೆಯಿದೆಯಲ್ಲ ಎನ್ನುವರು. ಹೌದು, 2003ರಲ್ಲಿ ಬಂದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಿದೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂ. ಸಿಗುತ್ತದೆ. ಚಿಕಿತ್ಸೆಗೂ ಕಾನೂನು ವೆಚ್ಚಕ್ಕೂ ಒಂದಿಷ್ಟು ನೆರವುಂಟು. ಆದರೆ ಮಾಲಿಕ ಸಂಬಳವನ್ನೇ ಕೊಡದಿದ್ದರೆ? ಅದಕ್ಕೆ ವಿಮೆಯಿಲ್ಲ! ಬಾಕಿಯಾದ ಬಿಲ್ಲಿಗೆ ಪರಿಹಾರ, ಬಾಕಿಯಾದ ಕೂಲಿಗೆ ಸಾಂತ್ವನ. ಇದು ಯಾವ ನ್ಯಾಯ?

ಇದು ಊಹೆಯ ಭಯವಲ್ಲ. 2016ರಲ್ಲಿ ಸೌದಿ ಓಜರ್ ಎಂಬ ಬೃಹತ್ ನಿರ್ಮಾಣ ಕಂಪೆನಿ ಕುಸಿದಾಗ ಸಾವಿರಾರು ಭಾರತೀಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಜಿದ್ದಾದ ಶಿಬಿರಗಳಲ್ಲಿ ಅನ್ನಕ್ಕೂ ಪರದಾಡಿದರು. ವಿದೇಶಾಂಗ ಖಾತೆಯ ರಾಜ್ಯ ಸಚಿವ ವಿ.ಕೆ. ಸಿಂಗ್ ಅಲ್ಲಿಗೆ ಧಾವಿಸಬೇಕಾಯಿತು.

ಇಚ್ಛೆಯಿದ್ದರೆ ಸರಕಾರ ಕಾರ್ಮಿಕನ ಮನೆ ಬಾಗಿಲಿಗೂ ಬರಬಲ್ಲದು. ಫೆಲೆಸ್ತೀನಿ ಕಾರ್ಮಿಕರ ಪರವಾನಗಿಗಳನ್ನು ಇಸ್ರೇಲ್ ರದ್ದುಪಡಿಸಿದ ಮೇಲೆ, 2024ರ ಜನವರಿಯಲ್ಲಿ ಹರಿಯಾಣ ಮತ್ತು ಉತ್ತರ ಪ್ರದೇಶಗಳಲ್ಲಿ ಸರಕಾರಿ ಸಂಸ್ಥೆಗಳೇ ನಿಂತು ಆ ಯುದ್ಧಭೂಮಿಗೆ ಕಳುಹಿಸಲು ಕಟ್ಟಡ ಕಾರ್ಮಿಕರನ್ನು ಆರಿಸಿದವು. ಪರರ ಅನ್ನ ಕಸಿದ ಜಾಗ ತುಂಬಲು ತೋರಿದ ಈ ಉತ್ಸಾಹವನ್ನು ನಮ್ಮವರ ಕೂಲಿ ಕಾಯಲು ತೋರಬಾರದೇಕೆ?

ಸಾರ್ವಜನಿಕ ಹಣದ ಆಸರೆ ಪಡೆಯುವ ಕಂಪೆನಿ ಕಾರ್ಮಿಕನಿಂದ ಒಂದು ಪೈಸೆಯನ್ನೂ ಪಡೆಯದೆ ನೇಮಿಸಿಕೊಳ್ಳಬೇಕು. ಉಪಗುತ್ತಿಗೆದಾರ ಕೊಡದ ಕೂಲಿಗೂ ಅದೇ ಹೊಣೆಯಾಗಬೇಕು. ಎಲ್ಲ ವಲಸೆ ಕಾರ್ಮಿಕರ ವಿಮೆಯಲ್ಲಿ ಸಂಬಳದ ಬಾಕಿಯೂ ಸೇರಬೇಕು. ದುಡಿದವನ ಕೂಲಿ ತಡೆಹಿಡಿಯುವುದು ಇಸ್ಲಾಮಿನ ದೃಷ್ಟಿಯಲ್ಲಿ ಘೋರ ಅನ್ಯಾಯ. ಸಂವಿಧಾನದ ಆಶಯವೂ ಇದಕ್ಕೆ ಹೊರತಲ್ಲ.

ಸರಕಾರವನ್ನು ದೂರಿ ಕೈಕಟ್ಟಿ ಕೂರುವ ಹಕ್ಕು ನಮಗೂ ಇಲ್ಲ. ಮದುವೆಯ ಆಡಂಬರಕ್ಕೆ ಲಕ್ಷಗಳನ್ನು ಸುರಿಯುವ ಸಮುದಾಯ, ಮಗನ ಕೈಗೆ ಒಂದು ಐಟಿಐ ಪ್ರಮಾಣಪತ್ರ ಕೊಡಿಸಲು ಹಿಂದೆಗೆಯುತ್ತದೆ. ಈ ನಾಲ್ಕು ತಾಲೂಕುಗಳ ಜಮಾಅತ್ ಸಮಿತಿಗಳು ಜುಮಾದ ನಂತರ ಅರ್ಧ ಗಂಟೆ ಮೀಸಲಿಡಲಿ. ಏಜೆಂಟನ ನೋಂದಣಿಯನ್ನು ಇ-ಮೈಗ್ರೇಟ್‌ನಲ್ಲಿ ಪರಿಶೀಲಿಸಲಿ, ಕರಾರುಪತ್ರವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಓದಿ ಹೇಳಲಿ, ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೊರಟವನನ್ನು ತಡೆಯಲಿ. ಮತ ಕೇಳಲು ಬರುವವರ ಮುಂದೆಯೂ ಈ ಪ್ರಶ್ನೆಯಿಡಲಿ: ಕಂಪೆನಿಯ ಬಿಲ್ಲಿಗಿರುವ ಖಾತರಿ ನಮ್ಮ ಮಕ್ಕಳ ಸಂಬಳಕ್ಕೆ ಎಂದು ದೊರೆಯುತ್ತದೆ?