ಒಬ್ಬರಿಗೇ ಮಾತ್ರೆ ಕೊಟ್ಟರೆ ಅರ್ಧ ಚಿಕಿತ್ಸೆ
ನಮ್ಮೂರ ಡಾಕ್ಟರುಗಳಿಗೂ, ಅವರ ಬಳಿ ಹೋಗುವ ಎಲ್ಲರಿಗೂ

ತಾಲ್ಲೂಕು, ಹೋಬಳಿಗಳ ಯಾವ ಕ್ಲಿನಿಕ್ಕಿಗೆ ಬೇಕಾದರೂ ಹೋಗಿ ನೋಡಿ. ಡಾಕ್ಟರ ಮೇಜಿಗೂ ಕಾಯುವವರ ಬೆಂಚಿಗೂ ನಡುವೆ ಒಂದು ಪರದೆ, ಅದೂ ಅರ್ಧ ಸರಿದಿರುತ್ತದೆ. ಹೊರಗೆ ಪಕ್ಕದ ಬೀದಿಯವರು ಕೂತಿರುವಾಗ ಯಾವ ಗಂಡಸು ಬಾಯಿಬಿಟ್ಟಾನು? ‘ಉರಿಮೂತ್ರ ಡಾಕ್ಟ್ರೇ’ ಅನ್ನುತ್ತಾನೆ. ಅವರೂ ಮುಂದೆ ಕೇಳುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಬರೆದು, ಚೆನ್ನಾಗಿ ನೀರು ಕುಡಿಯಲು ಹೇಳಿ ಕಳಿಸುತ್ತಾರೆ. ಉರಿಗೆ ಕಾರಣ ಗೊನೋರಿಯಾ ಎಂಬ ಲೈಂಗಿಕ ರೋಗ ಇರಬಹುದು; ಅದು ಆ ಮಾತ್ರೆಗೆ ಬಗ್ಗುವುದನ್ನು ಬಿಟ್ಟು ವರ್ಷಗಳೇ ಆದವು.

ಬಸ್ ಸ್ಟ್ಯಾಂಡಿನ ಗೋಡೆಗೆ ‘ಗುಪ್ತರೋಗ’ ಎಂದು ಚೀಟಿ ಅಂಟಿಸಿ, ಲಾಡ್ಜಿನ ರೂಮಿನಲ್ಲಿ ಔಷಧಿ ಮಾರುವವರ ಬಳಿ ಜನ ಹೋಗುವುದು ದಡ್ಡತನದಿಂದಲ್ಲ. ಅಲ್ಲಿ ಬಾಗಿಲು ಹಾಕಿರುತ್ತದೆ. ಎಂಬಿಬಿಎಸ್ ಓದಿದವರು ಬಾಗಿಲು ಹಾಕಿ ಐದು ನಿಮಿಷ ಮಾತಾಡಿದರೆ ಆ ಅಂಗಡಿಗಳ ವ್ಯಾಪಾರ ತಾನಾಗಿ ಇಳಿಯುತ್ತದೆ.

ಗಂಡನಿಗೆ ಗುಣವಾಯಿತು ಅನ್ನೋಣ. ಹೆಂಡತಿಯ ಸೋಂಕು? ಗೊನೋರಿಯಾ, ಕ್ಲಮಿಡಿಯಾ ಎರಡೂ ಹೆಂಗಸರಲ್ಲಿ ಬಹಳ ಸಲ ಲಕ್ಷಣವನ್ನೇ ತೋರಿಸದೆ ಗರ್ಭನಾಳಗಳನ್ನು ಕೆಡಿಸುತ್ತವೆ. ನಾಲ್ಕು ವರ್ಷ ಕಳೆದ ಮೇಲೆ ‘ಮಕ್ಕಳಾಗಲಿಲ್ಲ’ ಎಂದು ಅತ್ತೆಯಿಂದ ಬೈಸಿಕೊಳ್ಳುವವಳು ಅವಳೇ. ಅಷ್ಟರಲ್ಲಿ ಗಂಡನಿಗೂ ಮತ್ತೆ ಅಂಟಿರಬಹುದು. ಆದ್ದರಿಂದ ಡಾಕ್ಟರೇ, ಸಂಗಾತಿಯ ಮಾತೆತ್ತದೆ ಚೀಟಿ ಹರಿದು ಕೊಡಬೇಡಿ. ‘ಇಬ್ಬರೂ ಔಷಧಿ ತಗೊಳ್ಳದೆ ಇದು ಹೋಗಲ್ಲ, ಅವರನ್ನೂ ಕರ್ಕೊಂಡು ಬನ್ನಿ’ ಎಂದರೆ ಸಾಕು. ಯಾರಿಂದ ಬಂತು ಎಂಬ ಪಂಚಾಯ್ತಿ ಕ್ಲಿನಿಕ್ಕಿನಲ್ಲಿ ಬೇಡ.

ಹಾಗೆಂದು ಎಲ್ಲ ಬಿಳಿ ಸೆರಗೂ ಲೈಂಗಿಕ ರೋಗವಲ್ಲ. ಕ್ಯಾಂಡಿಡಾ ಎಂಬ ಶಿಲೀಂಧ್ರದಿಂದಲೂ ಆಗುತ್ತದೆ. ಅದು ಮದುವೆಯಾಗದ ಹುಡುಗಿಗೂ ಬರಬಹುದು. ಪರೀಕ್ಷೆ ಮಾಡದೆ ಹೆಂಗಸಿನ ನಡತೆ ಅಳೆಯುವುದು ವೈದ್ಯವಲ್ಲ.

ಸಿಫಿಲಿಸ್ ಇನ್ನೂ ಮೋಸಗಾರ. ನೋವಿಲ್ಲದ ಹುಣ್ಣು ತಾನಾಗಿ ಮಾಯುತ್ತದೆ, ರೋಗ ರಕ್ತದಲ್ಲಿ ಉಳಿಯುತ್ತದೆ, ಬಸುರಿಯಿಂದ ಮಗುವಿಗೂ ಹೋಗುತ್ತದೆ. ಬಸುರಿಯರಿಗೆ ನಂಬಬಹುದಾದ ಮದ್ದು ಬೆಂಜಥೀನ್ ಪೆನಿಸಿಲಿನ್ ಒಂದೇ. ರಿಯಾಕ್ಷನ್ ಆದೀತೆಂದು ಎಷ್ಟೋ ಖಾಸಗಿ ಕ್ಲಿನಿಕ್ಕುಗಳು ಈ ಇಂಜೆಕ್ಷನ್ ಮುಟ್ಟುವುದಿಲ್ಲ. ಆ ಭಯ ಅರ್ಥವಾಗುತ್ತದೆ. ಕೊಡಲಾಗದಿದ್ದರೆ ಆಸ್ಪತ್ರೆಗೆ ಕಳಿಸಿ. ಬೇರೇನೋ ಮಾತ್ರೆ ಕೊಟ್ಟು ಕಾಲ ಕಳೆಯಬೇಡಿ. ಬೆರಳ ತುದಿಯ ಒಂದು ಹನಿ ರಕ್ತದಲ್ಲೇ ಸಿಫಿಲಿಸ್ ಪರೀಕ್ಷೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಜೊತೆಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿ, ಒಪ್ಪಿಗೆ ಕೇಳಿಯೇ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯೂ ಬೇಕು, ಗುಟ್ಟೂ ಉಳಿಯಬೇಕು.

ಓದುವವರೇ, ಮೆಡಿಕಲ್ ಸ್ಟೋರಿನಲ್ಲಿ ನಿಂತು ಮಾತ್ರೆ ಕೇಳಬೇಡಿ. ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಬಣ್ಣಬಣ್ಣದ ಕಿಟ್‌ಗಳಲ್ಲಿ ಔಷಧಿ ಪುಕ್ಕಟೆ ಸಿಗುತ್ತದೆ; ಮೂತ್ರನಾಳದಿಂದ ಕೀವು ಸೋರುವುದಕ್ಕೆ ಬೂದು ಬಣ್ಣದ್ದು. ನಿಮ್ಮ ಡಾಕ್ಟರು ಕೇಳದಿದ್ದರೆ ನೀವೇ ಕೇಳಿ: ‘ಮನೆಯವರಿಗೂ ಔಷಧಿ ಬೇಕಾ?’ ಹೆಸರು ಹೇಳದೆ ವಿಚಾರಿಸಲು 1097ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.