ಮಳೆಯ ಲೆಕ್ಕ ಸೂಕ್ಷ್ಮವಾಯಿತು, ಇನ್ನು ತಾಳೆ ನೋಡಿ

ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರ್ತಿ ನಾನು. ಆಷಾಢದಲ್ಲಿ ನಾವು ಬಾನು ನೋಡುತ್ತ ಕಾಯುವುದು ಒಂದು ಹೊಳವಿಗಾಗಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕೊನೆಗಾರ ಮರ ಹತ್ತಿ ಹೊಡೆದ ಔಷಧಿ ಗೊನೆಯ ಮೇಲೆ ಒಣಗುವಷ್ಟು ಹೊತ್ತಾದರೂ ಮಳೆ ಬಿಡಬೇಕು. ಅಷ್ಟರೊಳಗೆ ಜಡಿದರೆ ತುತ್ತ, ಸುಣ್ಣ, ಕೂಲಿ ಎಲ್ಲ ಬಸಿಗಾಲುವೆ ಪಾಲು. ಆಮೇಲೆ ಎಳೆಗಾಯಿ ಉದುರುವುದನ್ನು ನೋಡುತ್ತ ಕೂರಬೇಕು.

ಹಾಗಾಗಿ 2025ರ ಮೇ 26ರಂದು ಕೇಂದ್ರ ಸರ್ಕಾರ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಬಿಡುಗಡೆ ಮಾಡಿದ್ದು ನನಗೆ ನಿಜಕ್ಕೂ ಸಂತೋಷದ ಸುದ್ದಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಈ ಮಾದರಿ ಇಡೀ ಭೂಮಿಯ ಹವೆಯನ್ನು ಲೆಕ್ಕ ಹಾಕುತ್ತದೆ. ನಾವಿರುವ ಉಷ್ಣವಲಯದಲ್ಲಿ ಆರು ಕಿ.ಮೀ.ಗೊಂದು ಲೆಕ್ಕ, ಹಿಂದಿನ ಮಾದರಿಯಲ್ಲಿ ಅದು 12 ಕಿ.ಮೀ. ಇತ್ತು. ಅಂದರೆ ಒಂದು ಲೆಕ್ಕವಿದ್ದ ಜಾಗದಲ್ಲಿ ಈಗ ನಾಲ್ಕು. ಹಳೆಯ ಗಣಕಕ್ಕೆ ಹತ್ತು ತಾಸಿನವರೆಗೂ ಹಿಡಿಯುತ್ತಿದ್ದ ಕೆಲಸವನ್ನು ಹೊಸ 'ಅರ್ಕ' ಗಣಕ ನಾಲ್ಕು ತಾಸಿನಲ್ಲಿ ಮುಗಿಸುತ್ತದಂತೆ.

ಘಟ್ಟದವರಿಗೆ ಇದು ಸಣ್ಣ ಮಾತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುತ್ತದೆ. ಮೂವತ್ತು ಚಿಲ್ಲರೆ ಕಿ.ಮೀ. ಈಚೆ ತೀರ್ಥಹಳ್ಳಿ ಪೇಟೆಗೆ ಬರುವಷ್ಟರಲ್ಲಿ ಮಳೆ ಎಷ್ಟೋ ಇಳಿದಿರುತ್ತದೆ. ಘಟ್ಟದ ನೆತ್ತಿಯನ್ನೂ ಅದರ ಹಿಂದಿನ ಇಳಿಜಾರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಎರಡಕ್ಕೂ ಹೊಂದದ ಮಳೆ ಬರುತ್ತದೆ.

ಆದರೆ ಆರು ಕಿ.ಮೀ. ಒಳಗೂ ನಮ್ಮಲ್ಲಿ ಗುಡ್ಡ ಕಣಿವೆಗಳುಂಟು. ಲೆಕ್ಕ ಶುರುವಾಗುವುದೇ ರೇಡಾರ್, ಉಪಗ್ರಹ, ಬಲೂನುಗಳು ಕೊಟ್ಟ ಅಳತೆಯಿಂದ. ಅದು ಸರಿಯಿಲ್ಲದಿದ್ದರೆ ಗಣಕದ ವೇಗದಿಂದ ಪ್ರಯೋಜನವಿಲ್ಲ. ಮುಖ್ಯವಾಗಿ, ನಮ್ಮೂರಿಗೆ ಹೇಳಿದ್ದು ಎಷ್ಟು ಸಲ ನಿಜವಾಯಿತೆಂದು ತಿಳಿಯದೆ ಕೊನೆಗಾರನಿಗೆ ಬರಹೇಳುವ ಧೈರ್ಯ ಯಾರಿಗೆ ಬರುತ್ತದೆ?

ಕರ್ನಾಟಕಕ್ಕೆ ಇಲ್ಲೊಂದು ಅನುಕೂಲವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಪಂಚಾಯಿತಿ ಮಟ್ಟದ ಮುನ್ಸೂಚನೆಯನ್ನು ಕೇಂದ್ರ ಸರ್ಕಾರವೂ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ನಿನ್ನೆ ಹೇಳಿದ್ದೆಷ್ಟು, ಬಿದ್ದದ್ದೆಷ್ಟು ಎಂಬುದನ್ನು ಪ್ರತಿದಿನ ಕನ್ನಡದಲ್ಲಿ ಪ್ರಕಟಿಸಿ. ಪಂಚಾಯಿತಿ ಕಚೇರಿಯ ಗೋಡೆಗೂ ಹಚ್ಚಿ. ಬರುವ ಮಳೆಗಾಲಕ್ಕೆ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ತಾಲ್ಲೂಕುಗಳಿಂದಲೇ ಇದನ್ನು ಶುರು ಮಾಡಿ.