ಮಗುವಿಗೆ ಬಾಗುವುದನ್ನು ಕಲಿಸಬೇಡಿ

ಕೇರಿಯಿಂದ ಮೊದಲ ಸಲ ಡಿಗ್ರಿ ಹಿಡಿದು ಬಂದ ನಮ್ಮಂಥವರಿಗೆ ಈಗ ಹೊಸ ಕೆಲಸವೊಂದು ಗಂಟುಬಿದ್ದಿದೆ. ಕೇರಿಯ ಮಕ್ಕಳು ಪಿಯುಸಿ ಪಾಸು ಮಾಡಿದ ಕೂಡಲೇ ಹಿರಿಯರು, 'ನೀನು ಓದಿದ ಜಾಗ ಕಣಪ್ಪ, ಕರ್ಕೊಂಡೋಗಿ ಸೇರಿಸ್ಬಿಟ್ಟು ಬಾ' ಎನ್ನುತ್ತಾರೆ. ಹೋಗುತ್ತೇವೆ, ಹೋಗಲೇಬೇಕು. ಆದರೆ ಆ ದೊಡ್ಡ ಗೇಟು ದಾಟಿದ ಮೇಲೆ ಮಗುವಿನ ಕಿವಿಯಲ್ಲಿ ನಾವು ಏನನ್ನು ಹೇಳುತ್ತೇವೆ? ಧೈರ್ಯವನ್ನೋ, ಗುಲಾಮಗಿರಿಯನ್ನೋ?

ಈ ಸಲ ನಾವು ನಮ್ಮಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆವು. ವಿಶ್ವವಿದ್ಯಾನಿಲಯದ ಹೆಸರು ಬೇಡ, ಇದು ಒಂದರ ಕತೆಯಲ್ಲ. ಕೌಂಟರಿನಲ್ಲಿ ನಮ್ಮ ಕಾಲದ ಮಾತೇ ಇತ್ತು: 'ಮೊದ್ಲು ದುಡ್ಡು ಕಟ್ಟಿ, ಸ್ಕಾಲರ್‌ಶಿಪ್ ಬಂದಾಗ ಬರುತ್ತೆ.' ನಮಗೆ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಸಿಕ್ಕರು. ಪ್ರೀತಿಯಿಂದಲೇ ಬೆನ್ನು ತಟ್ಟಿದರು. 'ನೋಡಮ್ಮ, ನಿಮ್ಮ ಮಾವ ಕೋಟಾದಲ್ಲಿ ಬಂದ್ರೂ ಚೆನ್ನಾಗಿ ಓದಿದ' ಅಂದರು.

ಬಂದ್ರೂ! ಈ 'ರೂ' ವ್ಯಾಕರಣದ ಪುಸ್ತಕದಲ್ಲಿ ಸಣ್ಣ ಪ್ರತ್ಯಯ. ವಿಶ್ವವಿದ್ಯಾನಿಲಯದೊಳಗೆ ಅದೊಂದು ಇಡೀ ಅಗ್ರಹಾರ. ಹುಡುಗಿ ಆಮೇಲೆ ಕೇಳಿದಳು: 'ಮಾವ, ಅವ್ರ ಮಕ್ಳು ಯಾವುದ್ರಲ್ಲಿ ಬಂದವಂತೆ?'

ಉತ್ತರ ಚರಿತ್ರೆಯಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಎರಡೇ ವರ್ಷಕ್ಕೆ, 1918ರಲ್ಲಿ, ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯ ಕೈಯಲ್ಲಿ ಇರುವುದನ್ನು ನೋಡಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಬೇಕಾಯಿತು. ಈ ನೀತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷ ಹುದ್ದೆಯಿಂದ ಇಳಿದರು. 'ಪ್ರತಿಭೆ', 'ದಕ್ಷತೆ' ಎಂಬ ಗೋಳಾಟಕ್ಕೆ ನೂರು ವರ್ಷ ದಾಟಿದೆ. ಸಾವಿರಾರು ವರ್ಷ ಅಕ್ಷರವನ್ನು ಮನೆಯ ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿಕೊಂಡವರದು ಕೋಟಾ ಅಲ್ಲವಂತೆ. ಅದನ್ನು ಬಿಚ್ಚಲು ಹೋದ ನಮ್ಮದು ಮಾತ್ರ ಕೋಟಾ! 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಅಷ್ಟಕ್ಕೇ ಹಾಸ್ಟೆಲಿನ ನಮ್ಮ ಹುಡುಗರು ಏಟು ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಅಕ್ಷರ ಕಲಿತ ನಾಡು ಅಕ್ಷರಕ್ಕೆ ಉತ್ತರ ಕೊಟ್ಟ ರೀತಿ ಇದು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮಲ್ಲೇ ಓದಿದ ಕೆಲವರು ಮಕ್ಕಳಿಗೆ ಮೂರು ಬುದ್ಧಿಮಾತು ಹೇಳುತ್ತಾರೆ.

ಮೊದಲನೆಯದು: 'ಯಾವೂರು ಅಂದ್ರೆ ತಾಲ್ಲೂಕು ಹೇಳು, ಕೇರಿ ಹೇಳ್ಬೇಡ.' ಬಚ್ಚಿಟ್ಟುಕೊಂಡವನು ಮೂರು ವರ್ಷವೂ ಹೆದರುತ್ತಲೇ ಇರಬೇಕು. ಅವಮಾನ ಆದಾಗ 'ನನಗೆ ಹೀಗಾಯ್ತು' ಎಂದು ಕೂಗುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ಹೇಗೂ ಸ್ಕಾಲರ್‌ಶಿಪ್ ಪಟ್ಟಿ, ಹಾಸ್ಟೆಲ್ ಪಟ್ಟಿ ಎಲ್ಲವನ್ನೂ ಹೇಳಿಬಿಡುತ್ತವೆ. ಜಾತಿ ಮುಚ್ಚಿಟ್ಟರೆ ಲಾಭ ಯಾರಿಗೆ? ಜಾತಿಯ ಮಾತೇ ಏಳಬಾರದು ಎನ್ನುವವರಿಗೆ.

ಎರಡನೆಯದು: 'ಸರ್ಕಾರದ ಅನ್ನ ತಿಂದಿದ್ದೀಯ, ಋಣ ಇರಲಿ.' ಯಾರ ಋಣ? ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಇದ್ದಾಗ. ಶಿಕ್ಷಣದ ಮೀಸಲಾತಿಗೆ ಆಧಾರವಾದ 15(4)ನೇ ವಿಧಿ ಸಂವಿಧಾನಕ್ಕೆ ಸೇರಿದ್ದು 1951ರಲ್ಲಿ. ಇದು ಭಿಕ್ಷೆಯಲ್ಲ, ಹಕ್ಕು. ಬೆಂಕಿಪೊಟ್ಟಣಕ್ಕೂ ಸೋಪಿಗೂ ತೆರಿಗೆ ಕಟ್ಟುವ ನಮ್ಮವ್ವಂದಿರ ದುಡ್ಡೂ ಆ ಕಟ್ಟಡದಲ್ಲಿದೆ. ಆ ಕಲ್ಲು ಹೊತ್ತವರೂ ನಮ್ಮವರೇ. ಇನ್ನು 'ಮೊದ್ಲು ದುಡ್ಡು ಕಟ್ಟಿ' ಎಂಬ ಮಾತಿಗೆ ಬರೋಣ. ಈ ಯೋಜನೆಗೆ 2020-21ರಿಂದ ಕೇಂದ್ರ ನೂರಕ್ಕೆ 60, ರಾಜ್ಯ 40 ಕೊಡಬೇಕೆಂದಾಯಿತು. ಆಗ ಬಂದ ಮಾರ್ಗಸೂಚಿಯಲ್ಲೇ ಅರ್ಹ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಫ್ರೀಶಿಪ್ ಕಾರ್ಡ್ ಕೊಟ್ಟು, ಮುಂಗಡ ಶುಲ್ಕ ಇಲ್ಲದೆ ಸೇರಿಸಿಕೊಳ್ಳುವ ದಾರಿ ಇದೆ. ಆ ಹಾಳೆ ಕೌಂಟರಿನವರೆಗೆ ಬರುವುದಿಲ್ಲ. ಬಡ್ಡಿ ಸಾಲ ಮಾತ್ರ ಕೇರಿಯವರೆಗೆ ಬರುತ್ತದೆ. ಒಂದು ಸೀಟಿಗಾಗಿ ಅವ್ವನ ಓಲೆ ಅಡವು ಅಂಗಡಿ ಸೇರಿದರೆ, ಋಣದಲ್ಲಿರುವವರು ಯಾರು ಸ್ವಾಮಿ?

ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು: 'ನಾವೂ ಅನುಭವಿಸಿದ್ದೀವಿ, ನೀನೂ ತಾಳ್ಕೊ.' ತಾಳಿಕೊಂಡವರಿಗೆ ಏನಾಯಿತು? ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ರೋಹಿತ್ ವೇಮುಲನನ್ನು ನಾಲ್ವರು ಗೆಳೆಯರ ಜೊತೆ ಹಾಸ್ಟೆಲಿನಿಂದ ಹೊರಗಟ್ಟಿದರು. 2016ರ ಜನವರಿ 17ರಂದು ಆತ ಪ್ರಾಣ ಬಿಟ್ಟ. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ವೈದ್ಯೆ ಪಾಯಲ್ ತಡವಿ ಹೋದಳು. ಆಕೆ ಆದಿವಾಸಿ ಮನೆಯ ಮಗಳು. ಇಬ್ಬರ ತಾಯಂದಿರು, ರಾಧಿಕಾ ಮತ್ತು ಆಬೇದಾ, ಅದೇ ವರ್ಷ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2012ರಲ್ಲೇ ಯುಜಿಸಿ ನಿಯಮ ಮಾಡಿತ್ತು: ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯದ ದೂರು ಕೇಳುವ ಅಧಿಕಾರಿ ಇರಬೇಕು. ನಿಯಮ ಕಾಗದದಲ್ಲಿ ಮಲಗಿತು, ಮಕ್ಕಳು ಮಣ್ಣಲ್ಲಿ ಮಲಗಿದರು. ಆ ತಾಯಂದಿರು ತಾಳಿಕೊಳ್ಳಲಿಲ್ಲ. ಡಿಗ್ರಿ ಹಿಡಿದ ನಾವು ಮಕ್ಕಳಿಗೆ ತಾಳ್ಮೆ ಬೋಧಿಸುವುದೇ?

'ನಿಮಗೆ ಈ ಬಾಯಿ ಕೊಟ್ಟಿದ್ದೇ ಆ ವಿಶ್ವವಿದ್ಯಾನಿಲಯ ಅಲ್ವಾ' ಎಂದು ಕೇಳುವವರಿದ್ದಾರೆ. ಅದರ ಲೈಬ್ರರಿಯಲ್ಲೇ ನಾವು ಅಂಬೇಡ್ಕರ್ ಓದಿದೆವು, ನಿಜ. ಬಾಯಿ ಮಾತ್ರ ನಾಟಿ ಹಾಕುತ್ತ ಹಾಡು ಕಟ್ಟಿದ ನಮ್ಮವ್ವಂದಿರದು. ಆ ಲೈಬ್ರರಿ ನಮಗೆ ಬೇಕು. ಬೇಕಾದದ್ದಕ್ಕೇ ಅದರ ಬಾಗಿಲಲ್ಲಿ ತಲೆ ಬಗ್ಗಿಸದೆ ನಡೆಯುವ ಹಕ್ಕನ್ನು ಕೇಳುತ್ತಿದ್ದೇವೆ.

ಹಳ್ಳಿಯ ಮೇಷ್ಟ್ರುಗಳೇ, ಮಕ್ಕಳು ಎರಡನೇ ಪಿಯುಸಿಯಲ್ಲಿ ಇರುವಾಗಲೇ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ನೋಡಿ. ಅದೊಂದು ತಪ್ಪಿದರೆ ವರ್ಷದ ದುಡ್ಡೇ ತಪ್ಪುತ್ತದೆ. ವಿದ್ಯಾರ್ಥಿ ಗೆಳೆಯರೇ, ಅಡ್ಮಿಷನ್ ದಿನಗಳಲ್ಲಿ ಕೌಂಟರಿನ ಪಕ್ಕ ಒಂದು ಮೇಜು ಹಾಕಿ ಕುಳಿತುಕೊಳ್ಳಿ. ಕೇರಿಯಿಂದ ಬಂದ ಮಗು ಒಂಟಿಯಾಗಿ ಆ ಕಿಟಕಿ ಮುಂದೆ ನಿಲ್ಲಬಾರದು. ಮೂರೇ ಪ್ರಶ್ನೆಗಳನ್ನು ಬರೆದು ಕೊಡಿ: ಫ್ರೀಶಿಪ್ ಕಾರ್ಡಿನ ಮೇಲೆ ಯಾಕೆ ಸೇರಿಸಿಕೊಳ್ಳುವುದಿಲ್ಲ? ಸಮಾನ ಅವಕಾಶ ಘಟಕ ಯಾವ ಕೋಣೆಯಲ್ಲಿದೆ? ದೂರು ಕೇಳುವ ಅಧಿಕಾರಿ ಯಾರು? ಬಾಯಿಮಾತಿನ ಉತ್ತರ ಬೇಡ. ಸೀಲು ಹಾಕಿದ ಉತ್ತರ ಇಸಿದುಕೊಳ್ಳಿ.

ಮೊದಲು ಓದಿದವರ ಕೆಲಸ ಇಷ್ಟೇ. ನಮ್ಮ ಹಿಂದೆ ಬರುವ ಮಗು ನಮಗಿಂತ ಜೋರಾಗಿ ಮಾತಾಡಬೇಕು, ನಮಗಿಂತ ಕಡಿಮೆ ಹೆದರಬೇಕು. ಆಗದಿದ್ದರೆ ನಮ್ಮ ಡಿಗ್ರಿ ಗೋಡೆಗೆ ಹೊಡೆದ ಮೊಳೆಗೂ ಭಾರ.